ಕೂಡಿಸಿದ ಒಂದು ಗಂಟೆ

ಭಾನುವಾರ, ಸೆಪ್ಟೆಂಬರ್ 7. ರೆದೊಂ

...ಟೂರಿಗೆ ಬಂದ ಒಂಬತ್ತು ಅತಿಥಿಗಳ ಸೈಕಲ್ ಸೀಟು ಏರ್ಸಿ ಇಳ್ಸಿ, ಎರಡು ಟ್ಯೂಬು ಬದಲಾಯ್ಸಿ, ಬೆಲ್ಜಿಯಂ ಗಂಡ ಹೆಂಡ್ತಿಗೆ ಯಾವ ಪೆಡಲ್ಲು ಎಡಕ್ಕೆ ಯಾವ್ದು ಬಲಕ್ಕೆ ಅಂತ ಮೂರು ಸಲ ಹೇಳಿ, ಕೊನೆಗೆ ಊಟಕ್ಕೆ ಕೂತ್ರೆ ಪ್ರತಿ ತಟ್ಟೆ ಪಕ್ಕ ಒಂದೊಂದು ಪುಸ್ತಿಕೆ. ಹೊಳೆಯೋ ಕಾಗದ. ರಟ್ಟಿನ ಮೇಲೆ ನಮ್ಮ ಹೆಡ್ ಗೈಡ್ ಗುಲ್ವೆನ್ ಹಲ್ಲು ಬಿಟ್ಕೊಂಡು ನಿಂತಿದಾನೆ. ಕೆಳಗೆ ದಪ್ಪಕ್ಷರದಲ್ಲಿ, ‘ಗುಲ್ವೆನ್‌ನ ಗುಟ್ಟಿನ ದಾರಿಗಳು: ಕಾಲುವೆಯಿಂದ ಕಡಲಿಗೆ ಆರು ದಿನ.’

ತೆಗೆದು ನೋಡಿದೆ. ಒಂದೊಂದು ತಿರುವೂ ನಂದು.

ಹೋದ ನವೆಂಬರಿಂದ ಫೆಬ್ರವರಿವರೆಗೂ ಆ ಗಾಳೀಲಿ ಒಬ್ಳೇ ಸೈಕಲ್ ತುಳಿದು, ಲಾರಿ ಬರದೇ ಇರೋ ದಾರಿ ಯಾವ್ದು, ನಾಯಿ ಬಿಟ್ಟಿರೋ ಮನೆ ಯಾವ್ದು, ನೀರು ಎಲ್ಲಿ ಸಿಗತ್ತೆ, ಎಲ್ಲಾ ಬರೆದಿಟ್ಟಿದ್ದೆ. ಮಾರ್ಚಲ್ಲಿ ಗುಲ್ವೆನ್ ನೋಟ್‌ಬುಕ್ ಕೇಳ್ದ. ‘ಕೊಡು ಪುಟ್ಟಿ, ಆಫೀಸಲ್ಲಿ ತೋರ್ಸ್ತೀನಿ’ ಅಂದ. ತೋರ್ಸಿದಾನೆ ಸರಿ. ಹೆಸರು ಹೇಳೋದು ಮರ್ತಿದಾನೆ ಅಷ್ಟೇ.

ಊಟ ಆದ್ಮೇಲೆ ಕೇಳ್ದೆ. ಏನೂ ನಾಚಿಕೆ ಇಲ್ಲ. ಜನಕ್ಕೆ ಬ್ರೆಟನ್ ಮುಖ ಬೇಕಂತೆ, ಇಲ್ಲೇ ಹುಟ್ಟಿ ಬೆಳೆದ ಮುಖ. ನಂದು ಅಸ್ಮಾರಾದ್ದು. ‘ನೀನಿನ್ನೂ ಚಿಕ್ಕೋಳು, ನಿಂಗೆ ಬೇಕಾದಷ್ಟು ದಾರಿ ಸಿಗತ್ತೆ’ ಅಂದು ಬೆನ್ನು ತಟ್ಟಿ ಹೋದ.

ನಾನು ಅಸ್ಮಾರಾದಲ್ಲಿ ಹದಿನೇಳನೇ ವಯಸ್ಸಿಗೆ ಜೂನಿಯರ್ ರೇಸ್ ಗೆದ್ದೋಳು. ನಮ್ಮೂರಲ್ಲಿ ಕಟಿಂಗ್ ಶಾಪಿನೋನಿಗೂ ಸೈಕಲ್ ಗೇರಿನ ಬಗ್ಗೆ ಒಂದು ಅಭಿಪ್ರಾಯ ಇರತ್ತೆ. ಇಲ್ಲಿ ನಾನು ಪೊರಕೆ. ಗುಂಪಿನ ಕಡೇಲಿ ಬರೋ ಗೈಡಿಗೆ ಹಾಗೇ ಅನ್ನೋದು, ಹಿಂದೆ ಬಿದ್ದೋರನ್ನ ಗುಡಿಸ್ಕೊಂಡು ಬರೋದು. ಈ ಸೀಸನ್ ಮುಗಿದ್ರೆ ಕಂಪನಿಯ ಅರ್ಮೆಲ್ ಮೇಡಂ ಒಬ್ರನ್ನ ಖಾಯಂ ಗೈಡ್ ಮಾಡ್ಕೋತಾರೆ. ಅವರಿಗೆ ವರದಿ ಬರೆಯೋನು ಗುಲ್ವೆನ್. ಆ ಕೆಲಸದ ಮೇಲೇ ನನ್ನ ವೀಸಾ ನಿಂತಿರೋದು. ಅದಕ್ಕೆ ಬಾಯಿ ಮುಚ್ಕೊಂಡಿದೀನಿ.

ಕೈಯೆಲ್ಲ ಚೈನಿನ ಎಣ್ಣೆ, ಟೈಪ್ ಮಾಡಕ್ಕಾಗಲ್ಲ. ಅದಕ್ಕೇ ಫೋನಿಗೆ ಹೇಳ್ತಿರೋದು. ಯಾರಿಗೂ ಕಳ್ಸಲ್ಲ. ಆದ್ರೆ ಇದೊಂದು ಹೇಳಿಡ್ತೀನಿ. ಈ ಆರು ದಿನ ಮುಗಿಯೋದ್ರೊಳಗೆ ಆ ಹಲ್ಲು ಮುಚ್ಚಬೇಕು.

ಸೋಮವಾರ, ಸೆಪ್ಟೆಂಬರ್ 8. ಮಾಲೆಸ್ತ್ರ್ವಾ

ಕಾಲುವೆ ದಂಡೆ ಮೇಲೆ ನಲವತ್ತು ಕಿಲೋಮೀಟರು. ಬರೀ ಮಟ್ಟಸ. ಅದರಲ್ಲೂ ಒಬ್ಳು ಹಿಂದೆ ಬಿದ್ದಳು. ನಾರ್ವೆ ಮುದುಕಿ, ಎಪ್ಪತ್ತೊಂದು ವಯಸ್ಸು, ಹೆಸರು ಇಂಗುನ್. ಬಾತುಕೋಳಿ ಕಂಡ್ರೆ ನಿಲ್ಲೋದು, ಕಾಲುವೆ ಗೇಟು ಕಂಡ್ರೆ ನಿಲ್ಲೋದು. ನನ್ನ ಕಾಲು ಓಡು ಓಡು ಅಂತಿರತ್ತೆ, ನಾನು ಆಮೆ ಹಿಂದೆ.

ಮುಂದೆ ಗುಲ್ವೆನ್ ಕೈಯಾಡಿಸ್ತಾ ಕಥೆ ಹೇಳ್ತಾನೆ. ಹಿಂದಿದ್ರೂ ಕೇಳ್ಸತ್ತೆ, ಗಂಟಲು ಹಂಗಿದೆ. ಬಟ್ಟೆ ಒಗೆಯೋ ಹಳೇ ಕಟ್ಟೆ, ಸೂರು ಗೋಡೆ ಇರೋದು, ಅದರ ಹತ್ರ ನಿಲ್ಸಿ, ಇದನ್ನ ನಮ್ಮಜ್ಜಿ ತೋರ್ಸಿದ್ದು ಅಂದ. ನಿಮ್ಮಜ್ಜಿ ಅಲ್ಲ ಕಣಯ್ಯಾ, ನಾನು. ಜನವರಿ ಹನ್ನೊಂದು, ಕೈ ಸೆಟೆದು ಹೋಗಿತ್ತು, ಗಾಳಿಗೆ ಮರೆ ಬೇಕು ಅಂತ ಅದರೊಳಗೆ ಕೂತು ಬ್ರೆಡ್ ತಿಂದಿದ್ದೆ.

ಏನು ಮಾಡ್ಲಿ ಅಂತ ಲೆಕ್ಕ ಹಾಕ್ತಿದೀನಿ. ಅವನ ಬ್ರೇಕು ಸಡಿಲ ಮಾಡ್ಬಹುದು. ಛೆ. ಮೆಕ್ಯಾನಿಕ್ ಆಗಿ ಅಂಥಾ ಕೆಲಸ ಮಾಡಿದ್ರೆ ಕೈಗೇ ಅವಮಾನ. ಅವನು ತಾನಾಗೇ ಬೀಳ್ಬೇಕು. ಎಲ್ಲರ ಮುಂದೆ.

ಮಂಗಳವಾರ, ಸೆಪ್ಟೆಂಬರ್ 9

ಎದುರು ಗಾಳಿ. ಸುಸ್ತು. ಅವನಿನ್ನೂ ಬಿದ್ದಿಲ್ಲ.

ಬುಧವಾರ, ಸೆಪ್ಟೆಂಬರ್ 10. ಜೋಸ್ಲಾಂ ದಾಟಿ

ಇವತ್ತು ಆ ಇಂಗುನ್ ಏರಲ್ಲಿ ಇಳಿದು ಸೈಕಲ್ ತಳ್ತಾ ಇದ್ದಳು, ನಾನೂ ಇಳಿದೆ. ಅಂದಳು, ‘ನೀನು ದಾರಿ ನೋಡಲ್ಲ. ಅವನ ಬೆನ್ನೇ ನೋಡ್ತೀಯ. ಕಣ್ಣಲ್ಲೇ ಅವನ ಟೈರು ಪಂಕ್ಚರ್ ಮಾಡೋ ಹಂಗೆ.’

ನಂಗೆ ನಗು ಬಂತು. ಬಂದಿದ್ದೇ ತಪ್ಪಾಯ್ತು, ಎಲ್ಲಾ ಹೇಳ್ಬಿಟ್ಟೆ. ನೋಟ್‌ಬುಕ್ಕು, ಪುಸ್ತಿಕೆ, ಎಲ್ಲಾ. ಅಯ್ಯೋ ಪಾಪ ಅಂತಾಳೆ ಅಂದ್ಕೊಂಡಿದ್ದೆ. ಅನ್ನಲಿಲ್ಲ. ಮೂವತ್ತೊಂದು ವರ್ಷ ಸ್ಕೂಲ್ ಬಸ್ಸು ಓಡ್ಸಿದಾಳಂತೆ, ಹಿಮದಲ್ಲಿ. ಅಂಥೋರು ಸುಲಭಕ್ಕೆ ಕರಗಲ್ಲ. ‘ದಾರಿ ನಿಂದಾದ್ರೆ ತೋರ್ಸು ಮತ್ತೆ’ ಅಂದಳು. ‘ಅವನು ಹೇಳೋದು ಗಾಳಿಗೆ ಅರ್ಧ ಹಾರಿ ಹೋಗತ್ತೆ. ನಾನೂ ದುಡ್ಡು ಕೊಟ್ಟೇ ಬಂದಿದೀನಿ.’

ಸರಿ, ತೋರ್ಸಿದೆ. ರಸ್ತೆಗೆ ಚಾಚಿರೋ ಅಂಜೂರದ ಮರ, ಯಾರೂ ಕೀಳಲ್ಲ, ನಾವು ಕಿತ್ವಿ. ಒಂದೇ ಕಿವಿ ಇರೋ ಕತ್ತೆ. ಇಳಿಜಾರಲ್ಲಿ ಬ್ರೇಕ್ ಹಿಡೀದೆ ಮೈಯನ್ನ ಹೇಗೆ ವಾಲಿಸ್ಬೇಕು ಅನ್ನೋದು. ಮುದುಕಿ ಕೂಗ್ತಾ ಇಳಿದಳು. ಹೋಟೆಲ್ಲಿಗೆ ನಲವತ್ತು ನಿಮಿಷ ತಡ. ಗುಲ್ವೆನ್ ಗಡಿಯಾರ ನೋಡ್ಕೊಂಡು, ‘ಪುಟ್ಟಿ, ಪೊರಕೆ ಅಂದ್ರೆ ಗುಡಿಸ್ಬೇಕು, ಕಸದ ಜೊತೆ ಹರಟೆ ಹೊಡೀಬಾರ್ದು’ ಅಂದ. ಎಲ್ಲರೂ ನಕ್ಕರು. ಕಸ ಅಂದಿದ್ದು ಇಂಗುನ್‌ಗೆ ಕೇಳಿಸ್ತು.

ಈಗ ಇನ್ನೊಂದು ಬಾಕಿ ಸೇರ್ತು, ತೀರಿಸ್ಕೊಳ್ಳೋಕೆ.

ಗುರುವಾರ, ಸೆಪ್ಟೆಂಬರ್ 11. ಕಡಲ ದಂಡೆ

ಸಿಕ್ಕಿದ.

ನಿಧಾನವಾಗಿ ಹೇಳ್ತೀನಿ, ನಂಗೇ ಇನ್ನೊಂದು ಸಲ ಕೇಳ್ಬೇಕು.

ನಾಳೆ ಗ್ವಾಝ್ ದ್ವೀಪ. ದಂಡೆಯಿಂದ ಎರಡು ಕಿಲೋಮೀಟರು, ಸಮುದ್ರದ ನಡುವೆ ಕಲ್ಲುದಾರಿ. ಸಿಂಪಿ ಸಾಕೋರು ಟ್ರ್ಯಾಕ್ಟರ್ ಹೊಡ್ಕೊಂಡು ಹೋಗೋದಕ್ಕೆ ಹಾಕಿದ್ದು, ಬೋರ್ಡು ಗೀರ್ಡು ಏನಿಲ್ಲ. ನೀರು ಪೂರಾ ಇಳಿಯೋ ಹೊತ್ತಿಗೆ ಒಂದೂವರೆ ಗಂಟೆ ಮುಂಚೆ ದಾರಿ ಏಳತ್ತೆ, ಒಂದೂವರೆ ಗಂಟೆ ಆದ್ಮೇಲೆ ಮುಳುಗತ್ತೆ. ಅಷ್ಟರಲ್ಲಿ ಹೋಗಿ ಬರ್ಬೇಕು. ತಪ್ಪಿದ್ರೆ ದ್ವೀಪದಲ್ಲೇ ರಾತ್ರಿವರೆಗೂ.

ಗುಲ್ವೆನ್ ಹತ್ರ ಯಾವಾಗ್ಲೂ ಒಂದು ಉಬ್ಬರ ಇಳಿತದ ಪುಸ್ತಕ ಇರತ್ತೆ, ಅವರಪ್ಪನೂ ಅದೇ ಕೊಳ್ತಿದ್ದನಂತೆ. ಅದರಲ್ಲಿ ವರ್ಷಪೂರ್ತಿ ಚಳಿಗಾಲದ ಟೈಮು. ಬೇಸಿಗೇಲಿ, ಅಕ್ಟೋಬರ್ ಕೊನೆವರೆಗೂ, ಇಲ್ಲಿ ಗಡಿಯಾರ ಒಂದು ಗಂಟೆ ಮುಂದೆ ಹೋಗತ್ತಲ್ಲ, ಅದಕ್ಕೆ ಪುಸ್ತಕದ ಟೈಮಿಗೆ ಒಂದು ಗಂಟೆ ಕೂಡಿಸ್ಬೇಕು. ಕಡಲ ಮನೆಯೋರಿಗೆ ಅದು ಉಸಿರಾಡಿದ ಹಂಗೆ, ಯೋಚ್ನೆ ಮಾಡಲ್ಲ. ಈ ಸಲ ಮಹಾಶಯ ಪುಸ್ತಕ ಮನೇಲಿ ಬಿಟ್ಟು ಬಂದಿದಾನೆ. ಹೋಟೆಲ್ ಗೋಡೆ ಮೇಲೆ ಒಂದು ಪಟ್ಟಿ ಇದೆ. ಅದನ್ನ ನೋಡ್ದ. ನಾಳೆ ಪೂರಾ ಇಳಿತ ಹನ್ನೆರಡು ಹತ್ತು. ಅಭ್ಯಾಸ ಬಲ, ಒಂದು ಗಂಟೆ ಕೂಡಿಸ್ದ. ಬೆಲ್ಜಿಯಂನೋರು ಯಾಕೆ ಅಂತ ಕೇಳಿದ್ದಕ್ಕೆ, ‘ಸಮುದ್ರಕ್ಕೆ ಪ್ಯಾರಿಸ್ಸಿನೋರ ಕಾನೂನು ಗೊತ್ತಿಲ್ಲ ಸ್ವಾಮಿ’ ಅಂದ. ಮತ್ತೆ ನಗು. ಹಲಗೆ ಮೇಲೆ ಬರ್ದ: ಹನ್ನೊಂದು ನಲವತ್ತಕ್ಕೆ ದಾರಿ ಏಳತ್ತೆ, ಎರಡು ನಲವತ್ತರವರೆಗೂ ಇರತ್ತೆ.

ಆಮೇಲೆ ನಾನು ಹೋಗಿ ಆ ಪಟ್ಟಿ ನೋಡಿದೆ. ಕೆಳಗೆ ಇರುವೆ ಸಾಲಿನಂಥ ಅಕ್ಷರ. ಬೇಸಿಗೆಯ ಗಂಟೆ ಇದರಲ್ಲಿ ಆಗ್ಲೇ ಸೇರಿದೆ ಅಂತ.

ಅಂದ್ರೆ ನಾಳೆ ದಾರಿ ಒಂದು ನಲವತ್ತಕ್ಕೇ ಮುಳುಗತ್ತೆ. ಇವನು ಎರಡು ಹದಿನೈದಕ್ಕೆ ದ್ವೀಪದಿಂದ ಹೊರಡೋದು ಅಂತ ಹಾಕಿದಾನೆ. ಅಷ್ಟೊತ್ತಿಗೆ ಎದುರಿಗೆ ಬರೀ ನೀರು. ಯಾರಿಗೂ ಏನೂ ಆಗಲ್ಲ, ದಂಡೆ ಮೇಲೆ ಸುಮ್ನೆ ನಿಲ್ತಾರೆ ಅಷ್ಟೇ. ಆ ಕಡೆ ಮೂರು ಗಂಟೆಗೆ ಅರ್ಮೆಲ್ ಮೇಡಂ ಬಂದಿರ್ತಾರೆ, ಬೀಳ್ಕೊಡುಗೆಗೆ. ಹುಟ್ಟಿದಾಗಿಂದ ಈ ಕಡಲು ನೋಡಿದ ಗೈಡು, ಒಂಬತ್ತು ಅತಿಥಿಗಳ ಜೊತೆ, ನೀರಾಚೆ, ಕೈ ಬೀಸ್ತಾ. ಪುಸ್ತಿಕೆಗೆ ಫೋಟೋ ಅಂದ್ರೆ ಅದು.

ನಾನು ಏನೂ ಮಾಡ್ಬೇಕಾಗಿಲ್ಲ. ಬಾಯಿ ಮುಚ್ಕೊಂಡಿದ್ರೆ ಸಾಕು. ಐದು ದಿನದಿಂದ ಅದನ್ನೇ ಮಾಡ್ತಿದೀನಲ್ಲ.

ಸಂಜೆ ಇಂಗುನ್ ಜೊತೆ ಗ್ಯಾಲೆಟ್ ತಿಂದೆ, ಇಲ್ಲಿನೋರ ದೋಸೆ, ಮೊಟ್ಟೆ ಹಾಕಿದ್ದು. ಅವಳ ಚೈನು ಕಟಕಟ ಅಂತಿತ್ತು, ಒರೆಸಿ ಎಣ್ಣೆ ಬಿಟ್ಟೆ. ಅವಳು ಕೇಳಿರಲಿಲ್ಲ. ದ್ವೀಪದಲ್ಲಿ ಸಿಕ್ಕಾಕ್ಕೊಂಡ್ರೆ ಚಳಿಯಾಗತ್ತೆ ಅಂತ ನನ್ನ ಉಣ್ಣೆ ಸ್ವೆಟರ್ ಅವಳ ಚೀಲದಲ್ಲಿ ಹಾಕಿದೀನಿ. ಸುಮ್ನೆ.

ಶುಕ್ರವಾರ, ಸೆಪ್ಟೆಂಬರ್ 12

ಇಂಗುನ್ ಕೈ ಮುರಿದಿದೆ. ಆಸ್ಪತ್ರೇಲಿದಾಳೆ.

ಇವತ್ತು ಮಾತಾಡಲ್ಲ.

ಶನಿವಾರ, ಸೆಪ್ಟೆಂಬರ್ 13. ಅದೇ ಹೋಟೆಲ್ಲು

ಹೇಳ್ತೀನಿ. ಹೇಳ್ಲೇಬೇಕು, ಅರ್ಮೆಲ್ ಮೇಡಂಗೆ ಉತ್ತರ ಕೊಡ್ಬೇಕು.

ನನ್ನ ಲೆಕ್ಕ ತಪ್ಪಿದ್ದು ಎಲ್ಲಿ ಅಂದ್ರೆ, ಅವರು ಬೇಗ ಹೊರಟರು. ದ್ವೀಪದಲ್ಲಿ ಸಿಂಪಿ ಮಾರೋ ಹೆಂಗಸು ತಟ್ಟೆ ರೆಡಿ ಮಾಡಿಟ್ಟಿದ್ದಳು, ಇಟ್ಟು ತನ್ನ ಕೆಲಸಕ್ಕೆ ಹೋದಳು. ನೀರಿಳಿದಾಗ ತಾನೆ ಅವರಿಗೆ ದುಡಿಮೆ. ಅವಳಿದ್ದಿದ್ರೆ ಹೇಳ್ತಿದ್ದಳು. ಗಾಳಿ ಚಳಿ, ಯಾರಿಗೂ ಕೂರೋ ಮನಸ್ಸಿಲ್ಲ, ಬೆಲ್ಜಿಯಂನೋರಿಗೆ ಬಿಸಿ ಕಾಫಿ ಬೇಕು. ಒಂದು ನಲವತ್ತೆರಡಕ್ಕೆ ಗುಲ್ವೆನ್, ‘ಇನ್ನೂ ಒಂದು ಗಂಟೆ ಇದೆ, ಆದ್ರೂ ಹೋಗೋಣ ಬನ್ನಿ’ ಅಂದ.

ದ್ವೀಪದ ಕಡೆ ದಾರಿ ಒಣಗೇ ಇತ್ತು. ಅದೇ ಮೋಸ. ಮಧ್ಯದಲ್ಲಿ, ತಿರುವಿನಾಚೆ ಒಂದು ತಗ್ಗಿದೆ, ಈ ತುದಿಯಿಂದ ಕಾಣಲ್ಲ. ನಂಗೆ ಗೊತ್ತಿತ್ತು. ಜನವರೀಲಿ ಅದೇ ತಗ್ಗಲ್ಲಿ ಜಾರಿದ್ದೆ, ನೋಟ್‌ಬುಕ್ಕಲ್ಲಿ ಬರೆದಿದ್ದೆ. ಆಗ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ಯಾಕೆ ಅಂದ್ರೆ ಒಣಗಿರೋ ದಾರಿ ನೋಡಿ ನನಗೆ ಸಿಟ್ಟು ಬಂತು. ಇವನು ಪಾರಾಗ್ಬಿಡ್ತಾನಲ್ಲ, ಈ ಸಲಾನೂ, ಅಂತ. ನನ್ನ ತಲೇಲಿ ಓಡಿದ್ದು ಅಷ್ಟೇ. ಇಂಗುನ್ ನೆನಪಾಗಲೇ ಇಲ್ಲ. ಅವಳು ನನ್ನ ಪಕ್ಕದಲ್ಲೇ ಹೆಲ್ಮೆಟ್ ಪಟ್ಟಿ ಹಾಕ್ಕೊಳ್ತಿದ್ದಳು.

ಪೊರಕೆ ಎಲ್ಲಿರ್ತಾಳೆ? ಕಡೇಲಿ. ಯಾರ ಜೊತೆ? ಎಲ್ಲರಿಗಿಂತ ನಿಧಾನ ಬರೋಳ ಜೊತೆ. ಇಷ್ಟು ಲೆಕ್ಕ ಹಾಕಿದೋಳಿಗೆ ಅದು ಹೊಳೀಲಿಲ್ಲ.

ಮುಂದಿನೋರು ತಗ್ಗಿಗೆ ಬಂದಾಗ ನೀರು ಪಾದದವರೆಗೆ. ಕಿರುಚಾಡ್ತಾ ದಾಟಿದ್ರು, ಅವರಿಗೆ ಅದೂ ಮಜಾ. ನಾವು ಬರೋ ಹೊತ್ತಿಗೆ ಮೊಣಕಾಲು. ನೀರು ಎದುರಿಂದ ಬರಲ್ಲ, ಪಕ್ಕದಿಂದ ತಳ್ಳತ್ತೆ. ಇಂಗುನ್ ಚಕ್ರ ಪಾಚಿ ಮೇಲೆ ಹೋಯ್ತು, ಅವಳು ಎಡಗೈ ಊರಿ ಬಿದ್ದಳು. ಆ ಶಬ್ದ ಹೇಳಲ್ಲ.

ಎರಡೂ ಸೈಕಲ್ ಬಿಟ್ಟೆ. ಅವಳನ್ನ ಎತ್ತಿ ನಿಲ್ಸಿದೆ. ಕಲ್ಲಿನ ಅಂಚು ಕಾಣ್ತಿರಲಿಲ್ಲ, ಕಾಲಲ್ಲಿ ತಡಕಿ ಒಂದೊಂದೇ ಹೆಜ್ಜೆ. ನೀರು ತೊಡೆಗೆ ಬಂತು. ಅವಳು ನನ್ನ ಬೆಲ್ಟು ಹಿಡ್ಕೊಂಡಿದ್ದಳು. ಆಗ ಆ ಕಡೆಯಿಂದ ಒಬ್ಬ ನೀರಲ್ಲಿ ಬಿದ್ದು ಎದ್ದು ಓಡ್ಕೊಂಡು ಬಂದ. ಗುಲ್ವೆನ್. ಶೂ ಇಲ್ಲ, ಮುಖ ಸುಣ್ಣ. ಅವಳನ್ನ ಬೆನ್ನ ಮೇಲೆ ಹೊತ್ಕೊಂಡ, ನಾನು ಹಿಂದಿನಿಂದ ಒತ್ತಿ ಹಿಡಿದೆ. ಐವತ್ತೆರಡು ವರ್ಷದೋನು. ದಾರಿ ಪೂರ್ತಿ ಒಂದೇ ಮಾತು, ‘ಒಂದು ಗಂಟೆ, ಒಂದು ಗಂಟೆ.’ ಅವನಿಗೆ ಹೊಳೆದಿತ್ತು.

ದಂಡೇಲಿ ಅರ್ಮೆಲ್ ಮೇಡಂ ನಿಂತಿದ್ರು. ನಾನು ಅಂದ್ಕೊಂಡ ಹಂಗೇ. ಗುಲ್ವೆನ್ ಮಂಡಿಯೂರಿ ವಾಂತಿ ಮಾಡ್ದ, ಒಂಬತ್ತೂ ಜನದ ಮುಂದೆ. ಆ ಹಲ್ಲು ಮುಚ್ಚಿತ್ತು. ಇದನ್ನ ನೋಡೋಕೆ ಆರು ದಿನ ಕಾದಿದ್ದೆ. ನೋಡ್ಲೇ ಇಲ್ಲ ಸರಿಯಾಗಿ. ಇಂಗುನ್ ಬೆರಳು ನೀಲಿಯಾಗಿತ್ತು, ಅವಳ ಉಂಗುರ ಸಿಕ್ಕಾಕ್ಕೊಂಡಿತ್ತು, ಚೈನಿನ ಎಣ್ಣೆ ಹಚ್ಚಿ ಅದನ್ನ ತೆಗೀತಿದ್ದೆ.

ಇವತ್ತು ಬೆಳಿಗ್ಗೆ ಉಳಿದೋರೆಲ್ಲ ರೈಲು ಹತ್ತಿದ್ರು. ನಾನು ವಾನ್ ಊರಿನ ಆಸ್ಪತ್ರೆಗೆ ಹೋದೆ. ಇಂಗುನ್ ಕೈಗೆ ಪ್ಲೇಟ್ ಹಾಕಿದಾರೆ. ಕಾಫಿ ಚೆನ್ನಾಗಿಲ್ಲ, ನರ್ಸಿಗೆ ನಾರ್ವೇಜಿಯನ್ ಬರಲ್ಲ ಅಂತ ಬೈತಾ ಇದ್ದಳು. ನನ್ನ ನೋಡಿ ಖುಷಿಪಟ್ಟಳು. ಅದನ್ನ ತಡ್ಕೊಳ್ಳೋಕಾಗಲಿಲ್ಲ. ಹೇಳ್ಬಿಟ್ಟೆ.

ಅವಳು ಕಾಫಿ ಲೋಟ ಪಕ್ಕಕ್ಕಿಟ್ಟಳು. ‘ಯಾವಾಗಿಂದ ಗೊತ್ತಿತ್ತು?’ ಅಂದಳು.

‘ಗುರುವಾರ ಸಂಜೆಯಿಂದ.’

‘ಹಾಗಾದ್ರೆ ನನ್ನ ಜೊತೆ ಗ್ಯಾಲೆಟ್ ತಿಂದ್ಯಲ್ಲ, ಆಗ್ಲೂ?’

‘ಹೂಂ.’

ಬೈಲಿಲ್ಲ. ಬೈದಿದ್ರೆ ಸರಿಹೋಗ್ತಿತ್ತು. ಅಂದಳು, ‘ನನ್ನ ಬಸ್ಸಲ್ಲಿ ಕಡೇ ಮಗು ಇಳಿಯೋವರೆಗೂ ನಾನು ಯಾರ ಜೊತೇನೂ ಜಗಳ ಆಡ್ತಿರಲಿಲ್ಲ. ಇಳಿದ ಮೇಲೆ ಆಡ್ತಿದ್ದೆ. ಚೆನ್ನಾಗೇ ಆಡ್ತಿದ್ದೆ.’ ಆಮೇಲೆ, ನಿದ್ದೆ ಬರ್ತಿದೆ ಹೋಗು ಅಂದಳು. ನಾಳೆ ಬರ್ಲಾ ಅಂತ ಕೇಳಿದೆ. ಹೊದಿಕೆ ಮೇಲಕ್ಕೆಳ್ಕೊಂಡು ಕಣ್ಣು ಮುಚ್ಚಿದಳು.

ಸಂಜೆ ಅರ್ಮೆಲ್ ಮೇಡಂ ಫೋನು. ಗುಲ್ವೆನ್ ಬರೆದು ಕೊಟ್ಟಿದಾನಂತೆ. ತಪ್ಪೆಲ್ಲ ತನ್ನದು, ಪಟ್ಟಿ ಓದಿದ್ದು ತಾನು, ಹುಡುಗಿದು ಏನೇನೂ ಇಲ್ಲ, ಅವಳು ಇಲ್ದಿದ್ರೆ ಆ ಹೆಂಗಸು ಉಳೀತಿರಲಿಲ್ಲ ಅಂತ. ಅವನನ್ನ ತೆಗೀತಾರೆ. ಮುಂದಿನ ಶನಿವಾರದ ಗುಂಪಿಗೆ ಮುಂದೆ ಹೋಗೋಳು ನಾನು. ಖಾಯಂ ಕೆಲಸ. ‘ನಿನ್ನ ಕಡೆಯಿಂದ ಎರಡು ಮಾತು ಹೇಳು, ಫೈಲಿಗೆ ಬೇಕು’ ಅಂದ್ರು. ಬೇಕಾದ್ದೆಲ್ಲ ಒಂದೇ ತಟ್ಟೇಲಿ ಇಟ್ಟು ಕೊಟ್ಟ ಹಂಗೆ.

ಕೆಳಗಿಳಿದು ಬಂದ್ರೆ ಗುಲ್ವೆನ್ ಅಂಗಳದಲ್ಲಿ ಕೂತು ಸೈಕಲ್ಲುಗಳಿಂದ ಉಪ್ಪು ತೊಳೀತಿದಾನೆ. ನನ್ನ ಕೆಲಸ ಅದು. ಇಂಗುನ್ ಸೈಕಲ್ಲೂ ಸಿಕ್ಕಿದೆ, ಇಳಿತದಲ್ಲಿ ಹೋಗಿ ತಂದಿದಾನೆ. ಪುಟ್ಟಿ ಅನ್ನಲಿಲ್ಲ. ಹೆಸರು ಹಿಡಿದು ಕರೆದ, ‘ಲುವಾಮ್, ನಾನು ಎಲ್ಲಾ ಬರೆದಿದೀನಿ, ನೀನು ಏನೂ ಯೋಚ್ನೆ ಮಾಡ್ಬೇಡ.’ ಕಣ್ಣು ಕೆಂಪಗಿತ್ತು.

ನೋಡು ಅವನ ಬುದ್ಧಿ. ನನ್ನ ದಾರಿ ತಗೊಂಡ. ನಾನು ಕೂತ ಕಟ್ಟೇನ ತನ್ನಜ್ಜಿ ಹೆಸರಿಗೆ ಬರ್ಕೊಂಡ. ಈಗ ನನ್ನ ತಪ್ಪನ್ನೂ ಪೂರ್ತಿ ತಾನೇ ಹೊತ್ಕೊಂಡು ದೊಡ್ಡ ಮನುಷ್ಯ ಆಗೋಕೆ ಹೊರಟಿದಾನೆ. ಬಿಡ್ತೀನಾ? ಒಂದು ಗಂಟೆ ಕೂಡಿಸಿದ್ದು ಅವನದು. ಇಟ್ಕೊಳ್ಲಿ. ಸುಮ್ನಿದ್ದಿದ್ದು ನಂದು. ಅದು ಅವನಿಗೆ ಗೊತ್ತೂ ಇಲ್ಲ. ಕೊಡಲ್ಲ.

ಸರಿ. ಇದನ್ನ ಕಳಿಸ್ತೀನಿ, ಇಲ್ಲಿಂದ ಮುಂದೆ ಹೇಳೋದನ್ನ ಮಾತ್ರ.

ಅರ್ಮೆಲ್ ಮೇಡಂ, ನಮಸ್ಕಾರ, ನಾನು ಲುವಾಮ್. ನೀವು ಕೇಳಿದ ಎರಡು ಮಾತು. ಒಂದು, ಆರು ದಿನದ ದಾರಿ ಪೂರ್ತಿ ಹುಡುಕಿದ್ದು ನಾನು, ನೋಟ್‌ಬುಕ್ಕು ಗುಲ್ವೆನ್ ಹತ್ರ ಇದೆ, ಕೈಬರಹ ನಂದು. ಎರಡು, ಪಟ್ಟಿ ಅವರು ತಪ್ಪು ಓದಿದ್ದು ನಂಗೆ ಗುರುವಾರ ಸಂಜೆಯಿಂದ ಗೊತ್ತಿತ್ತು. ಅವರು ಎಲ್ಲರ ಮುಂದೆ ಬೀಳ್ಲಿ ಅಂತ ಬೇಕಂತಲೇ ಹೇಳಲಿಲ್ಲ. ಶುಕ್ರವಾರ ಒಂದು ನಲವತ್ತೆರಡಕ್ಕೆ ಹೊರಡೋವಾಗ್ಲೂ ಹೇಳಲಿಲ್ಲ. ಶನಿವಾರದ ಗುಂಪು ಯಾರಿಗೆ ಅಂತ ಇದನ್ನ ಕೇಳಿದ ಮೇಲೆ ಯೋಚ್ನೆ ಮಾಡಿ. ಬೆಳಿಗ್ಗೆ ಏಳೂವರೆಗೆ ಫೋನ್ ಮಾಡಿ, ಅದಕ್ಕಿಂತ ಮುಂಚೆ ಬೇಡ. ಏಳೂವರೆಗೆ ಗುಲ್ವೆನ್ ಕಾಫಿಗೆ ಕೂತಿರ್ತಾರೆ, ಸ್ಪೀಕರ್ ಹಾಕ್ತೀನಿ, ಅವರೂ ಕೇಳ್ಲಿ.